ಮನೆಯಂಗಳದ ಹವಾಮಾನ ಕೇಂದ್ರ: ಹೊಸಬರು ಯಾವುದನ್ನು ಆರಿಸಬೇಕು?

‘ನಿನ್ನೆ ರಾತ್ರಿ ನಮ್ಮೂರಲ್ಲಿ ಭಾರೀ ಮಳೆ’ ಎನ್ನುತ್ತೇವೆ. ಎಷ್ಟು ಭಾರೀ ಎಂದು ಕೇಳಿದರೆ ಬರುವ ಉತ್ತರಗಳು ಬಗೆಬಗೆ. ಕಾಫಿ ತೋಟದ ಹಿರಿಯರು ‘ಎರಡು ಇಂಚು ನಲವತ್ತು ಸೆಂಟ್ಸ್’ ಎನ್ನುತ್ತಾರೆ. ಬಯಲುಸೀಮೆಯ ರೈತರು ‘ಒಳ್ಳೆಯ ಹದ ಮಳೆ’ ಎನ್ನುತ್ತಾರೆ. ಹವಾಮಾನ ಇಲಾಖೆಯ ಭಾಷೆಯಲ್ಲಿ ಅದು 61 ಮಿಲಿಮೀಟರ್. ಮೊದಲನೆಯದೂ ಕೊನೆಯದೂ ಒಂದೇ ಅಳತೆ. ಒಂದು ಇಂಚು 25.4 ಮಿಮೀ, ಅದರ ನೂರನೆಯ ಒಂದು ಭಾಗವೇ ಒಂದು ಸೆಂಟು. ನಡುವಿನದು ಅಳತೆಯಲ್ಲ, ಅನುಭವ. ಅನುಭವಕ್ಕೆ ಬೆಲೆ ಇದೆ. ಆದರೆ ಈ ವರ್ಷದ ಹದ ಮಳೆಯನ್ನು ಹತ್ತು ವರ್ಷದ ಹಿಂದಿನ ಹದ ಮಳೆಯೊಂದಿಗೆ ಹೋಲಿಸಬೇಕಾದರೆ ಅಂಕಿ ಬೇಕು.

ನಮ್ಮ ರಾಜ್ಯದಲ್ಲಿ ಈ ಅಂಕಿಗಳಿಗೆ ಕೊರತೆ ಇಲ್ಲ. 1875ರಲ್ಲಿ ಸ್ಥಾಪನೆಯಾದ ಭಾರತ ಹವಾಮಾನ ಇಲಾಖೆಯ ವೀಕ್ಷಣಾಲಯಗಳಿವೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾಗಿ, ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಎನಿಸಿಕೊಂಡಿರುವ ಸಂಸ್ಥೆಯು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಇರಿಸಿದೆ. ಹಾಗಿದ್ದರೂ ಮಳೆಯ ಸ್ವಭಾವ ಎಂಥದೆಂದರೆ ಊರಿನ ಒಂದು ಬದಿ ತೊಯ್ದು ತೊಪ್ಪೆಯಾದಾಗ ಇನ್ನೊಂದು ಬದಿಯಲ್ಲಿ ದೂಳು ಹಾರುತ್ತಿರಬಹುದು. ಮಾರ್ಚ್-ಏಪ್ರಿಲ್ ತಿಂಗಳ ಹೂಮಳೆಗೆ ಕಾಯುವ ಕಾಫಿ ಬೆಳೆಗಾರರಿಗೆ ಇದು ಚೆನ್ನಾಗಿ ಗೊತ್ತು. ಪಕ್ಕದ ತೋಟಕ್ಕೆ ಬಿದ್ದ ಮಳೆ ತಮ್ಮ ತೋಟದ ಮೊಗ್ಗನ್ನು ಅರಳಿಸುವುದಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಮನೆಯಲ್ಲೇ ಇಟ್ಟುಕೊಳ್ಳಬಹುದಾದ ಸಿದ್ಧ ಹವಾಮಾನ ಕೇಂದ್ರಗಳು ಪೇಟೆಗೆ ಬಂದಿವೆ. ಕೆಲವು ಸಾವಿರ ರೂಪಾಯಿಗಳಿಂದ ಹಿಡಿದು ಅರ್ಧ ಲಕ್ಷ ದಾಟುವವರೆಗೆ ಬೆಲೆ. ಬಣ್ಣದ ಪರದೆ, ಮೋಡ-ಸೂರ್ಯರ ಚಿತ್ರ, ಮೊಬೈಲಿಗೆ ಸಂದೇಶ. ಶಾಲೆಗೆ ಒಂದನ್ನು ಕೊಳ್ಳೋಣವೆಂದು ಶಿಕ್ಷಕರು, ಹವ್ಯಾಸಕ್ಕೆಂದು ವಿದ್ಯಾರ್ಥಿಗಳು, ತೋಟಕ್ಕೆಂದು ಕೃಷಿಕರು ‘ಯಾವುದು ಒಳ್ಳೆಯದು?’ ಎಂದು ಕೇಳುತ್ತಾರೆ. ಯಾವುದೇ ಕಂಪನಿಯನ್ನು ಶಿಫಾರಸು ಮಾಡುವುದು ಈ ಲೇಖನದ ಉದ್ದೇಶವಲ್ಲ. ಉಪಕರಣದ ಹಿಂದಿನ ಭೌತವಿಜ್ಞಾನ ತಿಳಿದರೆ ಆಯ್ಕೆಯನ್ನು ಓದುಗರು ತಾವೇ ಮಾಡಿಕೊಳ್ಳಬಲ್ಲರು.

ಮೊದಲು ಪ್ರಶ್ನೆ, ಆಮೇಲೆ ಉಪಕರಣ

ನನಗೆ ಯಾವ ಪ್ರಶ್ನೆಗೆ ಉತ್ತರ ಬೇಕು? ಇದನ್ನು ಮೊದಲು ನಿರ್ಧರಿಸಬೇಕು. ‘ನಮ್ಮ ಊರಿನಲ್ಲಿ ವರ್ಷಕ್ಕೆ ಎಷ್ಟು ಮಳೆ?’ ಎಂಬುದಷ್ಟೇ ಪ್ರಶ್ನೆಯಾದರೆ ವಿದ್ಯುನ್ಮಾನ ಉಪಕರಣದ ಅಗತ್ಯವೇ ಇಲ್ಲ. ‘ಮಳೆ ಎಷ್ಟು ಹೊತ್ತಿಗೆ ಶುರುವಾಯಿತು, ಯಾವ ರಭಸದಲ್ಲಿ ಸುರಿಯಿತು?’ ಎಂಬುದಾದರೆ ತಾನೇ ದಾಖಲಿಸುವ ಮಾಪಕ ಬೇಕು. ಅಡಿಕೆಯ ಕೊಳೆರೋಗದ ಹಂಗಾಮಿನಲ್ಲಿ ತೋಟ ಎಷ್ಟು ಗಂಟೆ ತೇವವಾಗಿಯೇ ಇತ್ತು ಎಂದು ತಿಳಿಯಬೇಕಾದರೆ ಆರ್ದ್ರತೆಯ ಸಂವೇದಕ ಮುಖ್ಯ. ಎಲ್ಲವೂ ಬೇಕೆಂದು ಹೊರಟವರು ಸಾಮಾನ್ಯವಾಗಿ ಎಲ್ಲವನ್ನೂ ಅರೆಬರೆಯಾಗಿ ಅಳೆಯುವ ಪೆಟ್ಟಿಗೆಯನ್ನು ಮನೆಗೆ ತರುತ್ತಾರೆ.

ಎರಡನೆಯದಾಗಿ, ಸೂಕ್ಷ್ಮತೆ ಬೇರೆ, ನಿಖರತೆ ಬೇರೆ ಎಂಬುದನ್ನು ನೆನಪಿಡಬೇಕು. ಪರದೆಯ ಮೇಲೆ 27.4 ಡಿಗ್ರಿ ಎಂದು ಮೂಡಿದರೆ ದಶಮಾಂಶ ಒಂದರವರೆಗೂ ಅದು ಸರಿ ಎಂದು ಭಾವಿಸುವುದು ಸಹಜ. ಸಂವೇದಕದ ನಿಖರತೆ ±1 ಡಿಗ್ರಿ ಎಂದಿದ್ದರೆ ನಿಜವಾದ ಉಷ್ಣತೆ 26.4ರಿಂದ 28.4ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಜಾಹೀರಾತಿನಲ್ಲಿ ಸೂಕ್ಷ್ಮತೆಯನ್ನು ದಪ್ಪಕ್ಷರದಲ್ಲಿ ಮುದ್ರಿಸುತ್ತಾರೆ. ನಿಖರತೆ ಕೈಪಿಡಿಯ ಕೊನೆಯ ಪುಟದಲ್ಲಿರುತ್ತದೆ. ಕೊಳ್ಳುವ ಮುನ್ನ ಆ ಕೊನೆಯ ಪುಟವನ್ನು ಓದಬೇಕು. ನಿಖರತೆಯನ್ನು ಎಲ್ಲಿಯೂ ನಮೂದಿಸದ ಉಪಕರಣವನ್ನು ಬಿಟ್ಟುಬಿಡುವುದು ಒಳ್ಳೆಯದು.

ಮಳೆ

ಮಳೆ ಅಳೆಯುವುದು ನಮ್ಮ ನಾಡಿಗೆ ಹೊಸದಲ್ಲ. ಉಗ್ರಾಣದ ಬಳಿ ಒಂದು ಅರತ್ನಿ, ಅಂದರೆ ಸುಮಾರು ಒಂದು ಮೊಳ ಅಗಲದ ಬಾಯಿಯ ಪಾತ್ರೆಯನ್ನಿಟ್ಟು ಮಳೆಯನ್ನು ಅಳೆಯುವ ಪ್ರಸ್ತಾಪ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲೇ ಇದೆ. ತತ್ತ್ವ ಇಂದಿಗೂ ಅದೇ. ಬಿದ್ದ ನೀರು ಹರಿದುಹೋಗದೆ, ಇಂಗದೆ, ಆವಿಯಾಗದೆ ನೆಲದ ಮೇಲೆ ನಿಂತಿದ್ದರೆ ಅದರ ಆಳ ಎಷ್ಟಿರುತ್ತಿತ್ತೋ ಅದೇ ಮಳೆಯ ಪ್ರಮಾಣ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಮೀ ಮಳೆ ಎಂದರೆ ಸರಿಯಾಗಿ ಒಂದು ಲೀಟರ್ ನೀರು.

ಕೈಯಿಂದ ಓದುವ ಮಳೆಮಾಪಕದಲ್ಲಿ ಒಂದು ಆಲಿಕೆ, ಕೆಳಗೆ ನೀರು ಸಂಗ್ರಹಿಸುವ ಪಾತ್ರೆ, ಜೊತೆಗೆ ಒಂದು ಅಳತೆಯ ಜಾಡಿ ಇರುತ್ತವೆ. ಆಲಿಕೆಯ ಬಾಯಿಯ ವಿಸ್ತೀರ್ಣ 100 ಚದರ ಸೆಂಮೀ ಇದ್ದರೆ ಪ್ರತಿ ಮಿಮೀ ಮಳೆಗೆ 10 ಮಿಲಿಲೀಟರ್ ನೀರು ಸೇರುತ್ತದೆ. 11.3 ಸೆಂಮೀ ವ್ಯಾಸದ ಆಲಿಕೆ ಸಿಕ್ಕರೆ ಈ ಲೆಕ್ಕ ಸರಿಹೋಗುತ್ತದೆ. ಬೇರೆ ವ್ಯಾಸವಾದರೆ ವಿಸ್ತೀರ್ಣವನ್ನು ಲೆಕ್ಕ ಹಾಕಿ ಭಾಗಿಸಿದರಾಯಿತು. ಪ್ರೌಢಶಾಲೆಯ ಪ್ರಯೋಗಾಲಯದ ಅಳತೆ ಜಾಡಿಯೇ ಇದಕ್ಕೆ ಸಾಕು. ಇದರಲ್ಲಿ ಕೆಡುವ ಭಾಗಗಳೇ ಇಲ್ಲ.

ಸ್ವಯಂಚಾಲಿತ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮಗುಚುವ ಬಟ್ಟಲಿನ ಮಾಪಕ. ಆಲಿಕೆಯ ಕೆಳಗೆ ಏತದಂತೆ ಅತ್ತಿತ್ತ ವಾಲುವ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ತುಂಬಿದೊಡನೆ ಮಗುಚಿ ಇನ್ನೊಂದು ಆಲಿಕೆಯ ಕೆಳಗೆ ಬರುತ್ತದೆ. ಪ್ರತಿ ಮಗುಚುವಿಕೆಯೂ ಒಂದು ಎಣಿಕೆ. ಮಾದರಿಗೆ ಅನುಗುಣವಾಗಿ ಅದು 0.2 ಅಥವಾ 0.25 ಮಿಮೀ ಮಳೆಗೆ ಸಮ. ಮಳೆಯ ಹೊತ್ತೂ ರಭಸವೂ ತಿಳಿಯುತ್ತದೆಂಬುದು ಇದರ ಹೆಗ್ಗಳಿಕೆ. ದೋಷವೂ ಇಲ್ಲದಿಲ್ಲ. ಗಂಟೆಗೆ 120 ಮಿಮೀ ರಭಸದ ಮಳೆಯನ್ನು ಊಹಿಸಿ. 0.2 ಮಿಮೀ ಬಟ್ಟಲು ಆಗ ಗಂಟೆಗೆ 600 ಬಾರಿ, ಅಂದರೆ 6 ಸೆಕೆಂಡಿಗೊಮ್ಮೆ ಮಗುಚಬೇಕು. ಮಗುಚುವ ಕ್ಷಣದಲ್ಲಿ, ಸುಮಾರು 0.3 ಸೆಕೆಂಡ್ ಎಂದುಕೊಳ್ಳೋಣ, ಆಗಲೇ ತುಂಬಿದ ಬಟ್ಟಲಿಗೇ ಬೀಳುವ ನೀರು ಲೆಕ್ಕಕ್ಕೆ ಸಿಗುವುದಿಲ್ಲ. ಆರರಲ್ಲಿ 0.3 ಎಂದರೆ ಶೇಕಡಾ 5 ನಷ್ಟ. ಮಳೆ ಜೋರಾದಷ್ಟೂ ನಷ್ಟ ಹೆಚ್ಚು. ವಾರ್ಷಿಕ ಸರಾಸರಿ 7,000 ಮಿಮೀ ಮೀರುವ ಆಗುಂಬೆಯಂಥ ಕಡೆ ಈ ನಷ್ಟ ಕಡೆಗಣಿಸುವಂಥದಲ್ಲ. 500 ಮಿಮೀ ಆಸುಪಾಸಿನ ಚಳ್ಳಕೆರೆಯಲ್ಲಿ ವರ್ಷದ ಮೊತ್ತಕ್ಕೆ ಇದರಿಂದ ಅಷ್ಟು ಪೆಟ್ಟು ಬೀಳದು.

ಮೂರನೆಯ ಬಗೆಯಲ್ಲಿ ಚಲಿಸುವ ಭಾಗಗಳಿಲ್ಲ. ಹನಿಗಳು ಒಂದು ತಟ್ಟೆಗೆ ಬಡಿದಾಗ ಉಂಟಾಗುವ ಕಂಪನವನ್ನು ಪೀಜೋ ಸಂವೇದಕ ಗುರುತಿಸಿ, ಹನಿಯ ಗಾತ್ರವನ್ನು ಅಂದಾಜು ಮಾಡುತ್ತದೆ. ಕಸ ಕಟ್ಟಿಕೊಳ್ಳುವ ತೊಂದರೆ ಇಲ್ಲ. ಆದರೆ ಅದು ನೀರನ್ನು ಅಳೆಯುವುದಿಲ್ಲ, ಬಡಿತವನ್ನು ಅಳೆಯುತ್ತದೆ. ಮಲೆನಾಡಿನ ಜಿಟಿಜಿಟಿ ಮಳೆಯ ಸಣ್ಣ ಹನಿಗಳು ಅದರ ಗಮನಕ್ಕೆ ಬಾರದೆ ಹೋಗಬಹುದು. ಮಳೆಯ ಮೊತ್ತವೇ ಮುಖ್ಯವಾದವರು ಇದೊಂದನ್ನೇ ನಂಬಬಾರದು.

ಅಮೆರಿಕದ ಕೊಲರಾಡೋ ರಾಜ್ಯದ ಫೋರ್ಟ್ ಕಾಲಿನ್ಸ್ ನಗರದಲ್ಲಿ 1997ರ ಜುಲೈ 28ರಂದು ದಿಢೀರ್ ಪ್ರವಾಹ ಬಂದು ಐವರು ಸತ್ತರು. ನಗರದ ಒಂದು ಅಂಚಿನಲ್ಲಿ ಹತ್ತು ಇಂಚಿಗೂ ಹೆಚ್ಚು ಮಳೆಯಾಗಿದ್ದರೆ, ಕೆಲವೇ ಕಿಲೋಮೀಟರ್ ಆಚೆ ಅದರ ಸಣ್ಣ ಪಾಲಷ್ಟೇ ಬಿದ್ದಿತ್ತು. ಮರುವರ್ಷ ಅಲ್ಲಿ ಸಾರ್ವಜನಿಕರೇ ಮಳೆ ಅಳೆಯುವ ಸ್ವಯಂಸೇವಕ ಜಾಲ ಹುಟ್ಟಿಕೊಂಡಿತು. ಈಗಲೂ ಆ ಜಾಲದ ಸದಸ್ಯರು ಬಳಸುವುದು ನಾಲ್ಕು ಇಂಚು ವ್ಯಾಸದ, ಕೈಯಿಂದ ಓದುವ ಪ್ಲಾಸ್ಟಿಕ್ ಮಳೆಮಾಪಕವನ್ನೇ. ವಿದ್ಯುನ್ಮಾನ ಉಪಕರಣ ಕೊಂಡವರೂ ಪಕ್ಕದಲ್ಲಿ ಇಂಥದೊಂದನ್ನು ಇಟ್ಟುಕೊಂಡರೆ ಎರಡರ ಅಂಕಿಗಳನ್ನು ತಾಳೆ ನೋಡಬಹುದು.

ಉಷ್ಣತೆ

ವಾಯುವಿನ ಉಷ್ಣತೆ ಅಳೆಯುವುದು ಕಾಣುವಷ್ಟು ಸುಲಭವಲ್ಲ. ಬಿಸಿಲಿಗಿಟ್ಟ ಉಷ್ಣತಾಮಾಪಕ ವಾಯುವಿನ ಉಷ್ಣತೆಯನ್ನು ತೋರಿಸುವುದಿಲ್ಲ. ಬಿಸಿಲು ಹೀರಿ ಕಾದ ತನ್ನದೇ ಉಷ್ಣತೆಯನ್ನು ತೋರಿಸುತ್ತದೆ. ಆದ್ದರಿಂದಲೇ ಸ್ಕಾಟ್ಲೆಂಡಿನ ದೀಪಸ್ತಂಭ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ ಹತ್ತೊಂಬತ್ತನೆಯ ಶತಮಾನದಲ್ಲಿ ಬಿಳಿ ಬಣ್ಣದ, ಗೋಡೆಗಳಿಗೆ ಓರೆ ಪಟ್ಟಿಗಳನ್ನು ಜೋಡಿಸಿದ ಮರದ ಪೆಟ್ಟಿಗೆಯನ್ನು ರೂಪಿಸಿದ. ಬಿಸಿಲು ಒಳಹೊಗದು, ಗಾಳಿ ಮಾತ್ರ ಆಡುತ್ತದೆ. ಸಿದ್ಧ ಕೇಂದ್ರಗಳಲ್ಲಿ ಒಂದರ ಮೇಲೊಂದು ಜೋಡಿಸಿದ ಬಿಳಿ ಪ್ಲಾಸ್ಟಿಕ್ ತಟ್ಟೆಗಳು ಈ ಪೆಟ್ಟಿಗೆಯ ಸಣ್ಣ ರೂಪ. ತಟ್ಟೆಗಳು ಕಡಿಮೆ ಇದ್ದು ಇಕ್ಕಟ್ಟಾಗಿದ್ದರೆ, ಗಾಳಿಯಿಲ್ಲದ ಏಪ್ರಿಲ್ ಮಧ್ಯಾಹ್ನ ಒಳಗಿನ ಸಂವೇದಕ ಒಂದೆರಡು ಡಿಗ್ರಿ ಹೆಚ್ಚು ತೋರಿಸುವುದುಂಟು. ಸಂವೇದಕ ಎಷ್ಟೇ ಉತ್ತಮವಾಗಿದ್ದರೂ ಈ ದೋಷ ಹೋಗದು. ಆದ್ದರಿಂದ ಕೊಳ್ಳುವಾಗ ಸಂವೇದಕದಷ್ಟೇ ಅದರ ನೆರಳು ಕವಚವನ್ನೂ ನೋಡಬೇಕು.

ನಮ್ಮಲ್ಲಿ ಹೆಚ್ಚಿನವರು ಉಪಕರಣವನ್ನು ತಾರಸಿಯ ಮೇಲೆ ಇಡುತ್ತಾರೆ. ಹಗಲೆಲ್ಲ ಕಾದ ಕಾಂಕ್ರೀಟು ಸಂಜೆಯ ನಂತರವೂ ಶಾಖ ಸೂಸುತ್ತಿರುತ್ತದೆ. ಅಲ್ಲಿ ಅಳೆದದ್ದು ತಾರಸಿಯ ಹವೆಯೇ ಹೊರತು ಊರಿನದಲ್ಲ. ಹುಲ್ಲು ಅಥವಾ ಮಣ್ಣಿನ ನೆಲದ ಮೇಲೆ, 1.25ರಿಂದ 2 ಮೀಟರ್ ಎತ್ತರದಲ್ಲಿ, ಗೋಡೆಯಿಂದ ದೂರದಲ್ಲಿ ಇಡಬೇಕೆಂಬುದು ಅಂತರರಾಷ್ಟ್ರೀಯ ರೂಢಿ. ಈ ವಿಷಯದಲ್ಲಿ ಶಾಲೆಗಳಿಗೆ ಒಂದು ಅನುಕೂಲವಿದೆ. ನಗರದ ಮನೆಗಳಿಗಿಲ್ಲದ ಆಟದ ಮೈದಾನ ಅವುಗಳಿಗಿದೆ.

ಆರ್ದ್ರತೆ

ಇಂದಿನ ಆರ್ದ್ರತಾ ಸಂವೇದಕಗಳು ಬಹುಪಾಲು ಧಾರಕಗಳು. ಎರಡು ವಿದ್ಯುದ್ವಾರಗಳ ನಡುವಿನ ಪಾಲಿಮರ್ ಪದರ ತೇವ ಹೀರಿದಾಗ ಅದರ ಧಾರಕತೆ ಬದಲಾಗುತ್ತದೆ. ಮಧ್ಯದ ವ್ಯಾಪ್ತಿಯಲ್ಲಿ ಇವು ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಶೇಕಡಾ 90ರ ಮೇಲೆ ನಿಖರತೆ ಕುಸಿಯುತ್ತದೆ. ಜುಲೈ ತಿಂಗಳ ಮಲೆನಾಡು, ಕರಾವಳಿಗಳಲ್ಲಿ ವಾರಗಟ್ಟಲೆ ಆರ್ದ್ರತೆ ಈ ಮಟ್ಟದಲ್ಲೇ ಇರುವುದರಿಂದ, ನೆನೆದ ಸಂವೇದಕ ಹವೆ ಒಣಗಿದ ಮೇಲೂ ಕೆಲಕಾಲ ಹೆಚ್ಚು ತೋರಿಸುವುದುಂಟು. ಸಂವೇದಕವನ್ನು ಬದಲಾಯಿಸಲು ಬರುವ ಮಾದರಿಯನ್ನೇ ಆರಿಸುವುದು ಅಲ್ಲಿನವರಿಗೆ ಲೇಸು.

ಪರೀಕ್ಷಿಸಲು ಹಳೆಯ ಒಣ-ಒದ್ದೆ ಬುರುಡೆಯ ಉಷ್ಣತಾಮಾಪಕಗಳು ಇಂದಿಗೂ ಉಪಯುಕ್ತ. ಒಂದು ಬುರುಡೆಗೆ ಒದ್ದೆ ಮಲ್‌ಬಟ್ಟೆ ಸುತ್ತಿ ಗಾಳಿ ಬೀಸಿದರೆ, ಆವಿಯಾಗುವಿಕೆಯಿಂದ ಅದು ತಣಿಯುತ್ತದೆ. ಒಣ ಬುರುಡೆ 28 ಡಿಗ್ರಿ, ಒದ್ದೆ ಬುರುಡೆ 23 ಡಿಗ್ರಿ ತೋರಿಸಿದರೆ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡಾ 65. ಪಕ್ಕದಲ್ಲಿಟ್ಟ ವಿದ್ಯುನ್ಮಾನ ಸಂವೇದಕ 80 ಎನ್ನುತ್ತಿದ್ದರೆ ಅದನ್ನು ಅನುಮಾನಿಸಬೇಕು.

ವಾಯು ಒತ್ತಡ ಮತ್ತು ಸುಳ್ಳು ಹೇಳುವ ಮೋಡದ ಚಿತ್ರ

ಹೊಸಬರನ್ನು ಹೆಚ್ಚು ಆಕರ್ಷಿಸುವುದು ಪರದೆಯ ಮೇಲಿನ ಮುನ್ಸೂಚನೆಯ ಚಿತ್ರ: ಸೂರ್ಯ, ಅರೆಮೋಡ, ಮಳೆ. ಅಂತರಜಾಲದ ಸಂಪರ್ಕವಿಲ್ಲದ ಅಗ್ಗದ ಕೇಂದ್ರಗಳು ಇದನ್ನು ಹೇಗೆ ನಿರ್ಧರಿಸುತ್ತವೆ? ಬಹುಮಟ್ಟಿಗೆ ವಾಯು ಒತ್ತಡದ ಏರಿಳಿತದಿಂದ. ಒತ್ತಡ ಇಳಿದರೆ ಮೋಡ, ಏರಿದರೆ ಬಿಸಿಲು. ಬ್ರಿಟನ್ನಿನಂಥ ಸಮಶೀತೋಷ್ಣ ವಲಯದ ದೇಶಗಳಿಗೆ ಈ ನಿಯಮ ಒಂದು ಮಟ್ಟಿಗೆ ಸರಿ. ಅಲ್ಲಿ ಪಶ್ಚಿಮದಿಂದ ಸಾಲುಸಾಲಾಗಿ ಬರುವ ವಾಯುಭಾರ ಕುಸಿತಗಳೇ ಮಳೆ ತರುತ್ತವೆ. ಒತ್ತಡ ಒಂದೆರಡು ದಿನಗಳಲ್ಲಿ ಹತ್ತಿಪ್ಪತ್ತು ಹೆಕ್ಟೊಪಾಸ್ಕಲ್ ಬದಲಾಗುವುದು ಸಾಮಾನ್ಯ.

ಉಷ್ಣವಲಯದ ಕಥೆ ಬೇರೆ. ಸೂರ್ಯನ ಶಾಖದಿಂದ ಇಡೀ ವಾಯುಮಂಡಲದಲ್ಲಿ ಉಬ್ಬರವಿಳಿತದಂಥ ಅಲೆಗಳು ಏಳುತ್ತವೆ. ಇದರಿಂದ ವಾಯು ಒತ್ತಡವು ದಿನಕ್ಕೆ ಎರಡು ಬಾರಿ, ಬೆಳಿಗ್ಗೆ ಮತ್ತು ರಾತ್ರಿ ಸುಮಾರು 10 ಗಂಟೆಗೆ ಏರಿ, ಬೆಳಗಿನ ಜಾವ ಮತ್ತು ಮಧ್ಯಾಹ್ನ ಸುಮಾರು 4 ಗಂಟೆಗೆ ಇಳಿಯುತ್ತದೆ. ನಮ್ಮಲ್ಲಿ ಬೆಳಿಗ್ಗೆ 10ರಿಂದ ಸಂಜೆ 4ರ ನಡುವೆ ಮೂರು-ನಾಲ್ಕು ಹೆಕ್ಟೊಪಾಸ್ಕಲ್ ಇಳಿಕೆ ನಿತ್ಯದ ಸಂಗತಿ. ಮೋಡವಿಲ್ಲದ ಜನವರಿಯ ಆಕಾಶದಡಿಯೂ ಇದು ನಡೆಯುತ್ತದೆ. ಬೇರೆ ವಲಯಕ್ಕೆಂದು ರೂಪಿಸಿದ ಕೇಂದ್ರ ಈ ದೈನಂದಿನ ಇಳಿತವನ್ನು ಕಂಡು ಮಳೆಯ ಚಿತ್ರ ತೋರಿಸುತ್ತದೆ. ರಾತ್ರಿ ಒತ್ತಡ ಏರಿದಾಗ ಸೂರ್ಯನನ್ನು ತೋರಿಸುತ್ತದೆ! ಆದ್ದರಿಂದ ಆ ಚಿತ್ರಕ್ಕಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ.

ಹಾಗೆಂದು ವಾಯುಭಾರಮಾಪಕ ನಿರುಪಯುಕ್ತವಲ್ಲ. ಇಂದಿನ 10 ಗಂಟೆಯ ಒತ್ತಡವನ್ನು ನಿನ್ನೆಯ 10 ಗಂಟೆಯ ಒತ್ತಡದೊಂದಿಗೆ ಹೋಲಿಸಿದರೆ ದೈನಂದಿನ ಅಲೆ ಲೆಕ್ಕದಿಂದ ಹೊರಬೀಳುತ್ತದೆ, ನಿಜವಾದ ಬದಲಾವಣೆ ಉಳಿಯುತ್ತದೆ. ನಮ್ಮ ಹವಾಮಾನ ಇಲಾಖೆ 24 ಗಂಟೆಗಳ ಒತ್ತಡ ಬದಲಾವಣೆಗೆ ಮಹತ್ವ ಕೊಡುವುದು ಇದೇ ಕಾರಣಕ್ಕೆ. ಬಂಗಾಳ ಕೊಲ್ಲಿಯಲ್ಲೋ ಅರಬ್ಬಿ ಸಮುದ್ರದಲ್ಲೋ ಚಂಡಮಾರುತ ಸಮೀಪಿಸಿದಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಗಂಟೆಗಂಟೆಯ ಒತ್ತಡವನ್ನು ದಾಖಲಿಸಿ ಆಲೇಖ ಬಿಡಿಸಿದರೆ ವಾಯುಮಂಡಲದ ಉಬ್ಬರವಿಳಿತವನ್ನು ವಿದ್ಯಾರ್ಥಿಗಳು ತಾವೇ ಕಾಣಬಹುದು.

ಇನ್ನೊಂದು ಎಚ್ಚರಿಕೆ. ಸಮುದ್ರಮಟ್ಟದಲ್ಲಿ ಪ್ರಮಾಣ ಒತ್ತಡ 1013.25 ಹೆಕ್ಟೊಪಾಸ್ಕಲ್. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು 910ರ ಆಸುಪಾಸು. ಪತ್ರಿಕೆಗಳಲ್ಲಿ ಬರುವುದು ಸಮುದ್ರಮಟ್ಟಕ್ಕೆ ಪರಿವರ್ತಿಸಿದ ಅಂಕಿ. ಉಪಕರಣ ‘ತಪ್ಪು’ ತೋರಿಸುತ್ತಿದೆಯೆಂದು ಹಿಂತಿರುಗಿಸುವ ಮೊದಲು ಅದರಲ್ಲಿ ಊರಿನ ಎತ್ತರವನ್ನು ನಮೂದಿಸಲಾಗಿದೆಯೇ ಎಂದು ನೋಡಬೇಕು. ಬೆಂಗಳೂರಿನ ಮಟ್ಟದಲ್ಲಿ ಸುಮಾರು ಒಂಬತ್ತೂವರೆ ಮೀಟರ್ ಮೇಲೇರಿದರೆ ಒತ್ತಡ ಒಂದು ಹೆಕ್ಟೊಪಾಸ್ಕಲ್ ಇಳಿಯುತ್ತದೆ. ನೆಲಮಹಡಿಯಿಂದ ಮೂರನೆಯ ಮಹಡಿಗೆ ಉಪಕರಣವನ್ನು ಒಯ್ದು ಇದನ್ನು ತರಗತಿಯಲ್ಲೇ ತೋರಿಸಬಹುದು.

ಗಾಳಿ

ಗಾಳಿಯ ವೇಗವನ್ನು ತೆರೆದ ಬಯಲಿನಲ್ಲಿ 10 ಮೀಟರ್ ಎತ್ತರದಲ್ಲಿ ಅಳೆಯುವುದು ಪ್ರಮಾಣ ವಿಧಾನ. ನೆಲದ ಘರ್ಷಣೆಯಿಂದಾಗಿ ಕೆಳಗೆ ಬಂದಂತೆ ವೇಗ ಕುಗ್ಗುತ್ತದೆ. ಹುಲ್ಲುಗಾವಲಿನ ಮೇಲೆ 2 ಮೀಟರ್ ಎತ್ತರದಲ್ಲಿ ಅದು 10 ಮೀಟರ್ ಎತ್ತರದ ವೇಗದ ಸುಮಾರು ಮುಕ್ಕಾಲು ಭಾಗ. ಅಡ್ಡಿಗಳ ಎತ್ತರದ ಹತ್ತು ಪಟ್ಟು ದೂರದಲ್ಲಿ ಮಾಪಕ ಇರಬೇಕೆಂಬುದು ನಿಯಮ. ಆರು ಮೀಟರ್ ಎತ್ತರದ ಮನೆಯಿಂದ ಅರವತ್ತು ಮೀಟರ್ ದೂರ ಎಂದರೆ ನಗರದಲ್ಲಿ ಮೂರು-ನಾಲ್ಕು ಮನೆಗಳ ಆಚೆ! ನಿವೇಶನಗಳ ನಡುವೆ ಅಳೆದ ಗಾಳಿ ಕಟ್ಟಡಗಳ ಸುತ್ತ ಸುಳಿಯುವ ಗಾಳಿ ಮಾತ್ರ. ಆದ್ದರಿಂದ ನಗರದ ಹವ್ಯಾಸಿಗಳು ಪವನವೇಗಮಾಪಕವನ್ನು ಪಟ್ಟಿಯ ಕೊನೆಗೆ ತಳ್ಳಬಹುದು. ಬಯಲುಸೀಮೆಯ ಶಾಲೆಗಳಿಗೆ ಇದು ಒಳ್ಳೆಯ ವಿಷಯ.

ಒಂದೇ ಕಂಬದ ತೊಡಕು

ಈಗ ಆಯ್ಕೆಯ ಮುಖ್ಯ ಅಂಶಕ್ಕೆ ಬರೋಣ. ಪೇಟೆಯ ಜನಪ್ರಿಯ ಮಾದರಿಗಳಲ್ಲಿ ಎಲ್ಲ ಸಂವೇದಕಗಳೂ ಒಂದೇ ಕಂಬದ ತುದಿಯಲ್ಲಿ ಕೂಡಿರುತ್ತವೆ. ನೋಡಲು ಅಂದ, ಜೋಡಿಸಲು ಸುಲಭ. ಆದರೆ ಮೇಲೆ ಹೇಳಿದ್ದನ್ನು ನೆನಪಿಸಿಕೊಳ್ಳಿ. ಉಷ್ಣತಾಮಾಪಕಕ್ಕೆ ಆಳೆತ್ತರ ಬೇಕು. ಗಾಳಿಗೆ 10 ಮೀಟರ್ ಬೇಕು. ಭಾರತದ ರೂಢಿಯಂತೆ ಮಳೆಮಾಪಕದ ಅಂಚು ನೆಲದಿಂದ ಕೇವಲ 30 ಸೆಂಮೀ ಎತ್ತರದಲ್ಲಿರಬೇಕು. ಎತ್ತರದಲ್ಲಿಟ್ಟರೆ ಬೀಸುಗಾಳಿ ಹನಿಗಳನ್ನು ಆಲಿಕೆಯ ಆಚೆಗೆ ಒಯ್ದು ಮಳೆ ಕಡಿಮೆ ದಾಖಲಾಗುತ್ತದೆ. ಹೀಗೆ ಮೂರಕ್ಕೂ ಬೇಕಾದ ಎತ್ತರ ಬೇರೆ ಬೇರೆ. ಕಂಬವನ್ನು ಎಲ್ಲಿ ನೆಟ್ಟರೂ ಕನಿಷ್ಠ ಎರಡು ಅಳತೆಗಳು ಕೆಡುತ್ತವೆ. ಆದ್ದರಿಂದ ಸಂವೇದಕಗಳನ್ನು ಬೇರ್ಪಡಿಸಿ ಇಡಲು ಬರುವ ಮಾದರಿ, ತುಸು ದುಬಾರಿಯಾದರೂ, ಉತ್ತಮ. ಕೂಡಿಸಿದ ಮಾದರಿಯೇ ಕೈಗೆಟುಕುವುದಾದರೆ ಅದನ್ನು ಉಷ್ಣತೆ-ಆರ್ದ್ರತೆಗಳಿಗೆ ಸರಿಹೊಂದುವ ಎತ್ತರದಲ್ಲಿ ನೆಟ್ಟು, ಮಳೆಗೆ ಪ್ರತ್ಯೇಕ ಕೈಮಾಪಕ ಇಟ್ಟುಕೊಳ್ಳಬಹುದು. ಮರ, ಗೋಡೆಗಳಿಂದ ಮಳೆಮಾಪಕ ಅವುಗಳ ಎತ್ತರದ ಎರಡು ಪಟ್ಟಾದರೂ ದೂರವಿರಲಿ.

ದಾಖಲೆ, ವಿದ್ಯುತ್ತು, ಮಂಗಗಳು

ಅಂಕಿಗಳನ್ನು ಉಪಕರಣ ಎಲ್ಲಿ ಉಳಿಸುತ್ತದೆ ಎಂಬುದನ್ನು ಕೇಳಿ ತಿಳಿಯಬೇಕು. ಕೆಲವು ಮಾದರಿಗಳು ಎಲ್ಲವನ್ನೂ ಕಂಪನಿಯ ಅಂತರಜಾಲ ತಾಣಕ್ಕೆ ಕಳಿಸುತ್ತವೆ, ತನ್ನಲ್ಲೇನೂ ಇಟ್ಟುಕೊಳ್ಳುವುದಿಲ್ಲ. ಕರೆಂಟು ಹೋಗಿ ವೈ-ಫೈ ನಿಂತರೆ ಆ ಹೊತ್ತಿನ ದಾಖಲೆ ಇಲ್ಲ. ನಮ್ಮಲ್ಲಿ ಕರೆಂಟು ಹೋಗುವುದು ಗುಡುಗು-ಮಳೆಯ ಹೊತ್ತಿನಲ್ಲೇ, ಅಂದರೆ ದಾಖಲೆ ಅತ್ಯಂತ ಬೇಕಾದ ಹೊತ್ತಿನಲ್ಲೇ. ಒಳಗೇ ಸ್ಮರಣಕೋಶವಿದ್ದು, ಅಂಕಿಗಳನ್ನು ಕಂಪ್ಯೂಟರಿಗೆ ಕಡತವಾಗಿ ಇಳಿಸಿಕೊಳ್ಳಲು ಬರುವ, ಬ್ಯಾಟರಿಯಲ್ಲೂ ನಡೆಯುವ ಮಾದರಿ ಇರಲಿ. ಹೊರಗಿನ ಸಂವೇದಕವು ಒಳಗಿನ ಪರದೆಗೆ ರೇಡಿಯೊ ಮೂಲಕ ಅಂಕಿ ಕಳಿಸುತ್ತದೆ. ಅಮೆರಿಕಕ್ಕೆಂದು ತಯಾರಾದ ಮಾದರಿಗಳು 915 ಮೆಗಾಹರ್ಟ್ಸ್ ಆಸುಪಾಸಿನ ತರಂಗಗಳನ್ನು ಬಳಸುತ್ತವೆ. ನಮ್ಮ ದೇಶದಲ್ಲಿ ಈ ಪಟ್ಟಿಯ ಒಂದು ಭಾಗ ಮೊಬೈಲ್ ದೂರವಾಣಿಗೆ ಮೀಸಲು. ವಿದೇಶದಿಂದ ನೆಂಟರ ಮೂಲಕ ತರಿಸುವವರು ಉಪಕರಣದ ಆವರ್ತನಕ್ಕೆ ಇಲ್ಲಿ ಅನುಮತಿಯಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ದಿನದ ಲೆಕ್ಕ ಯಾವಾಗ ಶುರುವಾಗುತ್ತದೆ ಎಂಬುದೂ ಮುಖ್ಯ. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಮಳೆ ಅಳೆಯುತ್ತದೆ. ಹಿಂದಿನ 24 ಗಂಟೆಗಳ ಮಳೆ ಆ ದಿನದ ಹೆಸರಿನಲ್ಲಿ ದಾಖಲಾಗುತ್ತದೆ. ಮನೆಯ ಉಪಕರಣಗಳು ಸಾಮಾನ್ಯವಾಗಿ ನಡುರಾತ್ರಿಯಿಂದ ನಡುರಾತ್ರಿಗೆ ಕೂಡುತ್ತವೆ. ಇದನ್ನು ಗಮನಿಸದೆ ಸರ್ಕಾರಿ ಅಂಕಿಯೊಂದಿಗೆ ಹೋಲಿಸಿ ‘ಅವರದು ತಪ್ಪು’ ಎನ್ನುವುದು ಸರಿಯಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರ ನಿರ್ಧಾರವಾಗುವುದು ಅದಕ್ಕೆಂದು ಗೊತ್ತುಪಡಿಸಿದ ಕೇಂದ್ರದ ಅಂಕಿಯ ಮೇಲೆ. ಮನೆಯ ಮಾಪಕದ ಅಂಕಿ ಅಲ್ಲಿ ನಡೆಯುವುದಿಲ್ಲ. ಆದರೂ ಗೊತ್ತುಪಡಿಸಿದ ಮಾಪಕ ಕೆಟ್ಟಿದೆಯೆಂಬ ಅನುಮಾನ ಬಂದರೆ, ಊರಿನಲ್ಲಿ ಅದೇ 8.30ರ ಲೆಕ್ಕದಲ್ಲಿ ವರ್ಷಗಟ್ಟಲೆ ಬರೆದಿಟ್ಟ ಪುಸ್ತಕವೊಂದು ಇರುವುದಕ್ಕೂ ಇಲ್ಲದಿರುವುದಕ್ಕೂ ವ್ಯತ್ಯಾಸವಿದೆ.

ಕೈಪಿಡಿಯಲ್ಲಿ ಬರೆಯದ ತೊಂದರೆಗಳೂ ಇವೆ. ಮಗುಚುವ ಬಟ್ಟಲಿನಲ್ಲಿ ಜೇಡ ಬಲೆ ನೇಯುತ್ತದೆ, ಕಡಜ ಗೂಡು ಕಟ್ಟುತ್ತದೆ. ಆಲಿಕೆಯಲ್ಲಿ ಎಲೆ, ಹಕ್ಕಿಯ ಹಿಕ್ಕೆ ಸೇರುತ್ತವೆ. ಮಂಗಗಳಿಗೆ ತಿರುಗುವ ಬಟ್ಟಲುಗಳೆಂದರೆ ಆಟದ ಸಾಮಾನು. ತಿಂಗಳಿಗೊಮ್ಮೆ ಶುಚಿಗೊಳಿಸಲು ಕೈಗೆಟುಕುವ ಜಾಗವನ್ನೇ ಆರಿಸಬೇಕು. ಬಿಡಿಭಾಗ ಭಾರತದಲ್ಲಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು.

ತಾವೇ ಕಟ್ಟಿಕೊಳ್ಳುವವರಿಗೆ

ಅರ್ಡುಯಿನೋ, ಇಎಸ್‌ಪಿ-32ರಂಥ ಅಗ್ಗದ ಫಲಕಗಳಿಂದ ಹವಾಮಾನ ಕೇಂದ್ರ ಕಟ್ಟುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಯೋಜನೆ. ಸಂವೇದಕವನ್ನು ಮಾತ್ರ ನೋಡಿ ಆರಿಸಬೇಕು. ಎಲ್ಲೆಡೆ ಸಿಗುವ ಡಿಎಚ್‌ಟಿ-11ರ ನಿಖರತೆ ಉಷ್ಣತೆಯಲ್ಲಿ ±2 ಡಿಗ್ರಿ, ಆರ್ದ್ರತೆಯಲ್ಲಿ ±5 ಶೇಕಡಾಂಶ. ಡಿಎಚ್‌ಟಿ-22 ಉಷ್ಣತೆಯಲ್ಲಿ ±0.5 ಡಿಗ್ರಿಯಷ್ಟು ಉತ್ತಮ. ಒತ್ತಡಕ್ಕೆ ಬಿಎಂಇ-280 ಸುಮಾರು ±1 ಹೆಕ್ಟೊಪಾಸ್ಕಲ್ ನಿಖರತೆ ಕೊಡುತ್ತದೆ. ವಸ್ತುಪ್ರದರ್ಶನಕ್ಕೆ ಮೊದಲನೆಯದು ಸಾಕಾದೀತು, ದಾಖಲೆಗೆ ಸಾಲದು.

ಕೊಂಡ ಮೇಲೆ ಮೂರು ಪರೀಕ್ಷೆಗಳು

ಕೊಂಡದ್ದಾಗಲಿ ಕಟ್ಟಿದ್ದಾಗಲಿ, ಉಪಕರಣವನ್ನು ಪರೀಕ್ಷಿಸದೆ ನಂಬಬಾರದು. ಇದಕ್ಕೆ ದುಬಾರಿ ಸಾಧನ ಬೇಡ.

ಒಂದು, ಮಳೆಮಾಪಕ. 100 ಚದರ ಸೆಂಮೀ ಆಲಿಕೆಗೆ 200 ಮಿಲಿಲೀಟರ್ ನೀರನ್ನು ಹನಿಹನಿಯಾಗಿ ಬಿಡಿ. ಹೊಸ ಡ್ರಿಪ್ ಸೆಟ್ ಒಂದು ಇದಕ್ಕೆ ಹೇಳಿ ಮಾಡಿಸಿದ್ದು. ಸುಮಾರು ಒಂದು ಗಂಟೆಯಲ್ಲಿ ನೀರು ಮುಗಿಯುವಂತಿರಲಿ. ಉಪಕರಣ 20 ಮಿಮೀ ತೋರಿಸಬೇಕು. 18 ತೋರಿಸಿದರೆ ಶೇಕಡಾ 10 ಕಡಿಮೆ; ಬಟ್ಟಲಿನ ತಿರುಪು ಹೊಂದಿಸಿ, ಅಥವಾ ಅಂಕಿಯನ್ನು ಗುಣಿಸಿ ಸರಿಪಡಿಸಿ.

ಎರಡು, ಆರ್ದ್ರತೆ. ಅಡುಗೆ ಉಪ್ಪಿಗೆ ಸ್ವಲ್ಪವೇ ನೀರು ಹಾಕಿ, ಉಪ್ಪು ಪೂರ್ತಿ ಕರಗದೆ ಕೆಸರಿನಂತಿರುವಂತೆ ಮಾಡಿ ಚಿಕ್ಕ ಬಟ್ಟಲಿನಲ್ಲಿಡಿ. ಅದನ್ನೂ ಸಂವೇದಕವನ್ನೂ, ಒಂದಕ್ಕೊಂದು ತಾಗದಂತೆ, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ಒಂದು ರಾತ್ರಿ ನೆರಳಿನಲ್ಲಿ ಬಿಡಿ. ಸಂತೃಪ್ತ ಉಪ್ಪಿನ ದ್ರಾವಣದ ಮೇಲಿನ ಹವೆಯ ಸಾಪೇಕ್ಷ ಆರ್ದ್ರತೆ ಸಾಮಾನ್ಯ ಉಷ್ಣತೆಗಳಲ್ಲಿ ಶೇಕಡಾ 75. ಸಂವೇದಕ ಎಷ್ಟು ತೋರಿಸುತ್ತದೋ ಅದರ ವ್ಯತ್ಯಾಸವೇ ದೋಷ.

ಮೂರು, ಉಷ್ಣತೆ. ನೀರಿಗೆ ಜಗ್ಗದ ಸಂವೇದಕವಾದರೆ ಪುಡಿಮಾಡಿದ ಮಂಜುಗಡ್ಡೆ ಮತ್ತು ನೀರಿನ ಮಿಶ್ರಣದಲ್ಲಿ ಅದು 0 ಡಿಗ್ರಿ ತೋರಿಸಬೇಕು. ಬೇರೆ ಸಂವೇದಕಗಳನ್ನು ನೀರಿನಲ್ಲಿ ಅದ್ದಬಾರದು. ಪ್ರಯೋಗಾಲಯದ ಉತ್ತಮ ಉಷ್ಣತಾಮಾಪಕದ ಪಕ್ಕದಲ್ಲಿ ನೆರಳಿನಲ್ಲಿಟ್ಟು ಹೋಲಿಸಿದರೆ ಸಾಕು.

ಯಾವ ಕ್ರಮದಲ್ಲಿ ಕೊಳ್ಳಬೇಕು?

ಮೊದಲ ವರ್ಷಕ್ಕೆ ಒಂದು ಕೈಮಳೆಮಾಪಕ, ಒಂದು ಗರಿಷ್ಠ-ಕನಿಷ್ಠ ಉಷ್ಣತಾಮಾಪಕ, ಒಂದು ದಪ್ಪ ನೋಟ್‌ಬುಕ್ಕು. ಶಾಲೆಗಳು ಪಾದರಸವಿಲ್ಲದ ಉಷ್ಣತಾಮಾಪಕವನ್ನೇ ಕೊಳ್ಳಲಿ. ಒಂದು ಮಳೆಗಾಲ ತಪ್ಪದೆ 8.30ಕ್ಕೆ ಅಂಕಿ ಬರೆಯುವ ಅಭ್ಯಾಸ ಉಳಿದರೆ, ಎರಡನೆಯ ವರ್ಷ ಸ್ವಯಂಚಾಲಿತ ಕೇಂದ್ರದ ಯೋಚನೆ ಮಾಡಬಹುದು. ಆಗ ಪರಿಶೀಲಿಸಬೇಕಾದ ಅಂಶಗಳು ಇವು: ನಿಖರತೆಯ ನಮೂದು, ಒಳ್ಳೆಯ ನೆರಳು ಕವಚ, ಬೇರ್ಪಡಿಸಬಹುದಾದ ಸಂವೇದಕಗಳು, ಒಳಗಿನ ಸ್ಮರಣಕೋಶ, ಬ್ಯಾಟರಿ, ಸಿಗುವ ಬಿಡಿಭಾಗ. ಪರದೆಯ ಬಣ್ಣ, ಮುನ್ಸೂಚನೆಯ ಚಿತ್ರಗಳು ಈ ಪಟ್ಟಿಯಲ್ಲಿ ಬರುವುದಿಲ್ಲ. ಗಾಳಿ, ಸೌರ ವಿಕಿರಣಗಳ ಸಂವೇದಕಗಳು ಮೂರನೆಯ ಹಂತಕ್ಕಿರಲಿ.

ಸಂಗ್ರಹಿಸಿದ ಅಂಕಿಗಳಿಂದ ತರಗತಿಯಲ್ಲಿ ಮಾಡಬಹುದಾದ ಕೆಲಸ ಬಹಳ. ಇಲಾಖೆಯ ವ್ಯಾಖ್ಯೆಯಂತೆ 2.5 ಮಿಮೀ ಅಥವಾ ಹೆಚ್ಚು ಮಳೆಯಾದ ದಿನ ‘ಮಳೆಯ ದಿನ’, 64.5 ಮಿಮೀ ಮುಟ್ಟಿದರೆ ‘ಭಾರೀ ಮಳೆ’. ವರ್ಷದಲ್ಲಿ ಇಂಥ ದಿನಗಳೆಷ್ಟು ಎಂದು ಮಕ್ಕಳು ಎಣಿಸಲಿ. ರೈತರು ಹೇಳುವ ಮೃಗಶಿರ, ಆರಿದ್ರಾ, ಪುನರ್ವಸು ಮಳೆಗಳು ಸುಮಾರು ಹದಿಮೂರು-ಹದಿನಾಲ್ಕು ದಿನಗಳ ಅವಧಿಗಳು. ಪಂಚಾಂಗ ನೋಡಿ ಪ್ರತಿ ಮಳೆನಕ್ಷತ್ರದಲ್ಲಿ ಎಷ್ಟು ಮಿಮೀ ಬಿತ್ತೆಂದು ಕೂಡಿದರೆ, ಊರಿನ ಗಾದೆಗಳು ಎಷ್ಟರಮಟ್ಟಿಗೆ ನಿಜವೆಂದು ಕೆಲವು ವರ್ಷಗಳಲ್ಲಿ ತಾವೇ ಹೇಳಬಲ್ಲರು.

ಕೊಡಗು, ಚಿಕ್ಕಮಗಳೂರುಗಳ ತೋಟಗಳಲ್ಲಿ ತಲೆಮಾರುಗಳಿಂದ ಬರೆದಿಟ್ಟ ಮಳೆಯ ಪುಸ್ತಕಗಳಿವೆ. ಅವನ್ನು ಬರೆದವರ ಬಳಿ ಇದ್ದದ್ದು ಒಂದು ತಗಡಿನ ಆಲಿಕೆ, ಒಂದು ಅಳತೆಗಾಜು, ದಿನವೂ ಅದೇ ಹೊತ್ತಿಗೆ ಹೋಗಿ ನೋಡುವ ಶಿಸ್ತು. ನಮ್ಮ ಪ್ರತಿಯೊಂದು ಪ್ರೌಢಶಾಲೆಯೂ ಬರುವ ಮುಂಗಾರಿಗೆ ಮೊದಲು ಇಂಥ ಒಂದು ಪುಸ್ತಕ ತೆರೆಯಲಿ. ಶಿಕ್ಷಕರು ವರ್ಗವಾಗಿ ಹೋದರೂ ಪುಸ್ತಕ ಶಾಲೆಯಲ್ಲೇ ಉಳಿಯಲಿ. ಎಂಟನೆಯ ತರಗತಿಯ ಮಕ್ಕಳು ಒಂಬತ್ತಕ್ಕೆ ಹೋಗುವಾಗ ಅದನ್ನು ಕೆಳಗಿನವರ ಕೈಗೆ ಒಪ್ಪಿಸಿ ಹೋಗಲಿ.